ಲಿಫ್ಟಿನಲ್ಲಿ ಬದಲಾದ ಆಸ್ಪತ್ರೆ

ಯೂಲಾ ಮೇ ಫ್ರೂಜೆ ಯಾರನ್ನೂ ಸುಲಭಕ್ಕೆ ನಂಬಿದವಳಲ್ಲ. ನಮ್ಮೂರ ಶಾಲೆಯ ಅಡುಗೆಮನೆಯಲ್ಲಿದ್ದಷ್ಟು ವರ್ಷವೂ ಕೋಳಿಮಾಂಸದ ಪೆಟ್ಟಿಗೆ ಬಂದರೆ ಮೇಲಿನ ಸಾಲು ಸರಿಸಿ ಕೆಳಗಿನದನ್ನು ಮೂಸಿಯೇ ಒಳಗಿಡುತ್ತಿದ್ದಳು. ಅಂಥವಳ ಕಣ್ಣೆದುರೇ ಗಂಡನ ಆಸ್ಪತ್ರೆ ಬದಲಾಗಿಹೋಯಿತು.

ಗಂಡ ಆಲ್ಸೀಡ್, ಕೊಳಗಳಲ್ಲಿ ಸಿಗಡಿಯಂಥ ಕ್ರಾಫಿಶ್ ಹಿಡಿಯುವವನು. ನ್ಯುಮೋನಿಯಾ ಆಗಿ ಲಫಾಯೆಟ್‌ನ ದೊಡ್ಡ ಆಸ್ಪತ್ರೆ ಸೇರಿದ್ದ. ಜೀವ ಉಳಿಯಿತು. ಆದರೆ ಗಂಟಲಿಗೆ ತೂತು, ತೂತಿಗೆ ಕೊಳವೆ, ಕೊಳವೆಗೆ ಉಸಿರಿನ ಯಂತ್ರ. ಐಸಿಯುವಿನಲ್ಲಿ ಇನ್ನು ಇಟ್ಟುಕೊಳ್ಳುವುದಿಲ್ಲ, ಮನೆಗೂ ಕಳಿಸುವ ಹಾಗಿಲ್ಲ. ಇಂಥವರಿಗೆ ವಾರಗಟ್ಟಲೆ ಚಿಕಿತ್ಸೆ ಕೊಟ್ಟು ಯಂತ್ರ ಬಿಡಿಸುವ ಬೇರೆ ಆಸ್ಪತ್ರೆ ಇದೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿದೆ ಎಂದರು. ಮಂಚದ ಜೊತೆ ಅವಳೂ ಲಿಫ್ಟ್ ಹತ್ತಿದಳು. ಮೇಲೆ ಅದೇ ಗೋಡೆ, ಅದೇ ಬಣ್ಣ. ನರ್ಸೊಬ್ಬಳು ಮಾತ್ರ ಆಲ್ಸೀಡನ ಮಣಿಕಟ್ಟಿನ ಪಟ್ಟಿ ಕತ್ತರಿಸಿ ಬೇರೆ ಹೆಸರಿನ ಆಸ್ಪತ್ರೆಯದನ್ನು ಕಟ್ಟಿದಳು. ಕತ್ತರಿಸಿದ್ದನ್ನು ಯೂಲಾ ಕಸದ ಬುಟ್ಟಿಯಿಂದ ಎತ್ತಿ ಚೀಲಕ್ಕೆ ಹಾಕಿಕೊಂಡಳು. ಸಾಕ್ಷಿ ಇರಲಿ ಅಂತ.

ವಾಸಿಯಾಗದವರನ್ನು ಕಣ್ಮರೆ ಮಾಡುವ ಜಾಗ ಅದು ಎಂದು ನಾದಿನಿ ವರ್ನಾ ಫೋನಿನಲ್ಲಿ ಹೆದರಿಸಿದಳು. ಅಂದಿನಿಂದ ಯೂಲಾಳ ಕಾವಲು ಶುರು. ಬೆನ್ನು ಹುಣ್ಣಾಗದಂತೆ ರಾತ್ರಿ ಹೊರಳಿಸುತ್ತೇವೆ ಅಂದರಲ್ಲ, ಅದನ್ನು ಪತ್ತೆ ಮಾಡಲು ಬೆನ್ನಿಗೆ ಕೊಡುವ ದಿಂಬಿನ ಮೂಲೆಗೆ ಕೆಂಪು ನೇಲ್ ಪಾಲಿಶ್ ಚುಕ್ಕೆ ಇಟ್ಟಳು. ಬೆಳಿಗ್ಗೆ ಚುಕ್ಕೆ ಆಚೆ ಬದಿಗಿತ್ತು. ಗುರುತು ಗೊತ್ತಾಗಿಬಿಟ್ಟಿದೆ, ಅದಕ್ಕೇ ಅವನನ್ನು ಬಿಟ್ಟು ದಿಂಬು ಮಾತ್ರ ತಿರುಗಿಸಿದ್ದಾರೆ ಎಂದುಕೊಂಡಳು.

ಉಸಿರಾಟದ ಚಿಕಿತ್ಸೆ ನೋಡುವ ಟೆರೆಲ್ ದಿನಾ ಬೆಳಿಗ್ಗೆ ಬಂದು ಸ್ವಲ್ಪ ಹೊತ್ತು ಯಂತ್ರ ಬಿಡಿಸುತ್ತಿದ್ದ. ಆಲ್ಸೀಡ್ ಏದುಸಿರು ಬಿಡುತ್ತ ಹೆಂಡತಿಯ ಗಾಬರಿಯ ಮುಖವನ್ನೇ ನೋಡುತ್ತಿದ್ದ. ಇವಳು ಎದ್ದು ನಿಂತು, ಕೊಲ್ಲಬೇಡಿ, ಹಾಕಿ ವಾಪಸ್ಸು ಅನ್ನುತ್ತಿದ್ದಳು. ಅವನು ಹಾಕುತ್ತಿದ್ದ. ದಿನಾ ಇದೇ.

ಕೊನೆಗೆ ಡಾಕ್ಟರು ಕರೆದು, ಪ್ರಗತಿ ಕಾಣುತ್ತಿಲ್ಲ, ಯಂತ್ರ ಬಿಡದವರನ್ನು ನೋಡಿಕೊಳ್ಳುವ ನರ್ಸಿಂಗ್ ಹೋಮ್ ಪಕ್ಕದ ರಾಜ್ಯ ಟೆಕ್ಸಾಸಿನಲ್ಲಿದೆ, ಅಲ್ಲಿಗೆ ಕಳಿಸಬೇಕಾಗುತ್ತದೆ ಎಂದರು. ಅಲ್ಲಿಗೆ ಹೋದರೆ ವಾರಕ್ಕೊಮ್ಮೆ ಮುಖ ನೋಡುವುದೂ ಕಷ್ಟ. ತಾನು ಅಂದುಕೊಂಡದ್ದೇ ನಿಜವಾಯಿತಲ್ಲ ಎಂದು ಯೂಲಾ ಉರಿದುಹೋದಳು. ನೀವು ಪ್ರಯತ್ನವನ್ನೇ ಮಾಡಲಿಲ್ಲ ಎಂದಳು.

ಗೋಡೆಗೆ ಒರಗಿ ನಿಂತಿದ್ದ ಟೆರೆಲ್, ನಮ್ಮ ಕಡೆ ಹಿರಿಯ ಹೆಂಗಸರನ್ನು ಕರೆಯುವ ಮರ್ಯಾದೆಯಲ್ಲೇ, ಮೆಲ್ಲಗೆ ಹೇಳಿದ: "ಪ್ರತಿ ಸಲ ನಿಲ್ಲಿಸು ಅಂದಿದ್ದು ನೀವೇ ಅಲ್ವಾ, ಮಿಸ್ ಯೂಲಾ?"

"ಅವನು ಒದ್ದಾಡ್ತಿದ್ದ."

"ಒದ್ದಾಟ ಅಲ್ಲ, ಕೆಲಸ. ಇಷ್ಟು ದಿನ ಸುಮ್ನೆ ಮಲಗಿದ್ದ ಎದೆ ಮತ್ತೆ ಕೆಲಸಕ್ಕೆ ಇಳಿದ್ರೆ ಏದುಸಿರು ಬಂದೇ ಬರುತ್ತೆ. ಕೈಮೀರಿದ್ರೆ ನಾನೇ ಯಂತ್ರ ಹಾಕ್ತೀನಿ."

"ಮತ್ತೆ ಮೊದಲ ದಿನಾನೇ ಯಾಕ್ ಬೊಗಳಲಿಲ್ಲ?"

ಟೆರೆಲ್ ಡಾಕ್ಟರ ಕಡೆ ನೋಡಿದ, ಡಾಕ್ಟರು ಗೋಡೆಯ ಗಡಿಯಾರದ ಕಡೆ. ಇದನ್ನು ಹೇಳುತ್ತಿರುವ ನನ್ನ ಸಿಟ್ಟೂ ಅಲ್ಲೇ ಇದೆ. ಮಣಿಕಟ್ಟಿನ ಪಟ್ಟಿ ಬದಲಿಸಲು ಆ ಮಹಡಿಯಲ್ಲಿ ಪುರುಸೊತ್ತಿತ್ತು. ಇಷ್ಟೇ ಇಷ್ಟು ಮಾತು ಹೇಳಲು ಇರಲಿಲ್ಲ. ಆಮೇಲೆ ರೋಗಿಯ ಮನೆಯವರಿಗೆ ಬರೀ ಅನುಮಾನ ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ.

ಯೂಲಾ ಇನ್ನೊಂದು ವಾರ ಕೇಳಿದಳು. ಕೊಟ್ಟರು. ಹಾಗಂತ ಟೆರೆಲನನ್ನು ನಂಬಿದಳು ಎಂದಲ್ಲ. ಮರುದಿನ ಅವನ ಫೋನು ಕಸಿದು ತನ್ನ ಮಡಿಲಲ್ಲಿಟ್ಟುಕೊಂಡು, ಕುರ್ಚಿಯನ್ನು ಅವನ ಕಡೆಗೇ ತಿರುಗಿಸಿ ಕೂತಳು. ಇವನು ಪರದೆಯ ಅಂಕಿಗಳಿಂದ ಕಣ್ಣು ತೆಗೆದನೋ ಹಿಡಿದೇಬಿಡುವೆ ಎಂಬಂತೆ. ಆಲ್ಸೀಡ್ ಏದುಸಿರಿನಲ್ಲಿ ಅವಳ ಮುಖ ಹುಡುಕಿದ. ಸಿಕ್ಕಿದ್ದು ಬರೀ ಬೆನ್ನು. ಇನ್ನೇನು ಮಾಡಿಯಾನು, ಕಣ್ಣು ಮುಚ್ಚಿಕೊಂಡ. ಉಸಿರು ಒಂದೊಂದಾಗಿ ಹದಕ್ಕೆ ಬಂತು. ಅಂದು ಯಂತ್ರ ಮಧ್ಯಾಹ್ನದವರೆಗೆ ಸುಮ್ಮನಿತ್ತು.

ಆಮೇಲೂ ಅವಳು ದಿನಾ ಹಾಗೆಯೇ ಕೂತಳು. ಟೆಕ್ಸಾಸಿನ ಮಾತು ಮತ್ತೆ ಬರಲಿಲ್ಲ. ಯಂತ್ರವನ್ನು ಪೂರ್ತಿ ಬಿಡಿಸಿದ ಮೇಲೆ ಕೊಳವೆಗೆ ಮಾತಾಡಲು ಬಿಡುವ ಮುಚ್ಚಳ ಹಾಕಿದರು. ಆಲ್ಸೀಡ್ ಗೊಗ್ಗರು ದನಿಯಲ್ಲಿ ಮೊದಲು ಅಂದದ್ದು ಇಷ್ಟು:

"ದಿನಾ ಬೆಳಿಗ್ಗೆ ಆ ಹುಡುಗನ್ನೇ ನೋಡ್ಕೊಂಡು ಕೂತಿದ್ಯಲ್ಲೇ."

"ನಿನ್ನನ್ನ ನೋಡ್ಕೊಂಡು ಕೂತಿದ್ರೆ ಇಷ್ಟೊತ್ತಿಗೆ ನೀನು ಟೆಕ್ಸಾಸಲ್ಲಿ ಇರ್ತಿದ್ದೆ," ಎಂದಳು ಯೂಲಾ, ದಿಂಬಿನ ಚುಕ್ಕೆ ಯಾವ ಕಡೆಗಿದೆ ಎಂದು ನೋಡುತ್ತಲೇ.