ಮೈ ಇಳಿಸುವ ಮಾತ್ರೆ

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಸಾಸ್ತಾನದ ಸುತ್ತಮುತ್ತ ಹೊಟ್ಟೆ ತುಂಬ ಉಣ್ಣುವವರೇ ಕಡಿಮೆ. ರೇಷನ್ ಅಕ್ಕಿಯ ಕಲ್ಲು ಆರಿಸಿ, ಗೆಣಸು ಬೇಯಿಸಿ ದಿನ ತಳ್ಳುತ್ತಿದ್ದ ಆ ಕಾಲದಲ್ಲಿ ನನ್ನ ಅತ್ತಿಗೆ ಮಾತ್ರ ದಪ್ಪಗಾದರು. ಹೆರಿಗೆಯ ನಂತರ ಬಂದ ಮೈ ಇಳಿಯಲೇ ಇಲ್ಲ. ನಾವು ಉಂಡದ್ದನ್ನೇ ಅವರೂ ಉಣ್ಣುತ್ತಿದ್ದರು, ನಮಗಿಂತ ಹೆಚ್ಚು ದುಡಿಯುತ್ತಿದ್ದರು. ಆದರೂ ಬ್ರಹ್ಮಾವರದ ಒಂದು ಮದುವೆಯಲ್ಲಿ ಒಬ್ಬ ಹೆಂಗಸು, ಗಂಡ ಬೊಂಬಾಯಿಂದ ಕಳಿಸುವುದೆಲ್ಲ ಇವಳ ಹೊಟ್ಟೆಗೇ ಹೋಗುತ್ತದೆ ಎಂದು ಹತ್ತು ಜನರ ಎದುರು ಅಂದುಬಿಟ್ಟಳು. ಅತ್ತಿಗೆ ಅಂದು ಊಟಕ್ಕೆ ಕೂರಲಿಲ್ಲ.

ಅಣ್ಣ ಬೊಂಬಾಯಿಯ ಒಂದು ಹೋಟೆಲಿನಲ್ಲಿದ್ದ. ಅತ್ತಿಗೆಯ ತವರು ಬೈಂದೂರು. ಬೇಸಿಗೆಯಲ್ಲಿ ಅಲ್ಲಿ ಅವರ ತಂಗಿಯ ಮದುವೆ, ಅಣ್ಣನೂ ಬರುವವನಿದ್ದ. ಅಷ್ಟರೊಳಗೆ ಮೈ ಇಳಿಯಲೇಬೇಕು ಎಂದು ಅತ್ತಿಗೆಗೆ ಹಟ. ಅವರಿಗೆ ಬರೆಯಲು ಬಾರದು. ಸೆಕೆಂಡ್ ಫಾರಂ ತನಕ ಓದಿ ಮನೆಯಲ್ಲಿ ಕೂತಿದ್ದ ನಾನು, ಹದಿನೇಳರ ಹುಡುಗಿ, ಅವರು ಹೇಳಿದಂತೆ, ಮೈ ಇಳಿಸುವ ಮದ್ದು ಕಳಿಸಬೇಕೆಂದು ಅಣ್ಣನಿಗೆ ಕಾಗದ ಬರೆದೆ. ತಿಂಗಳೊಳಗೆ ಊರಿಗೆ ಬಂದವರೊಬ್ಬರ ಕೈಯಲ್ಲಿ ಮಾತ್ರೆಗಳ ಒಂದು ಕಂದು ಬಾಟ್ಲಿ ಬಂತು.

"ಎಂತ ಬರ್ದಿತ್ ಹೆಣೆ? ಓದ್ ಕಾಂಬ," ಎಂದರು ಅತ್ತಿಗೆ.

ಬಾಟ್ಲಿಯ ಮೇಲಿನ ಇಂಗ್ಲಿಷ್ ಚೀಟಿಯ ದೊಡ್ಡ ಅಕ್ಷರ ಓದಿದೆ: ಬೆಳಿಗ್ಗೆ ಎರಡು, ಸಂಜೆ ಎರಡು. ಅದರ ಕೆಳಗೆ ಸಣ್ಣ ಅಕ್ಷರದ ನಾಲ್ಕು ಸಾಲು. ಅದರಲ್ಲಿ 'ಡಾಕ್ಟರ್' ಎಂಬ ಒಂದು ಶಬ್ದ ಬಿಟ್ಟರೆ ಬೇರೇನೂ ನನಗೆ ತಿಳಿಯಲಿಲ್ಲ. ಇಡೀ ಮನೆಯಲ್ಲಿ ಇಂಗ್ಲಿಷ್ ಬಲ್ಲವಳು ನಾನೊಬ್ಬಳೇ ಎಂಬ ಜಂಬ ನನಗಿತ್ತು. ಅದು ಕಂಪೆನಿಯ ವಿಳಾಸ ಎಂದುಬಿಟ್ಟೆ. ಅಮ್ಮನಿಗೆ ಹೇಳುವುದು ಬೇಡ ಎಂದು ಅತ್ತಿಗೆ ನನ್ನಿಂದ ಮಾತು ತೆಗೆದುಕೊಂಡರು.

ಎರಡು ವಾರದಲ್ಲಿ ಅವರ ರವಿಕೆ ಸಡಿಲವಾಯಿತು. ಕನ್ನಡಿಯ ಎದುರು ನಿಂತು ನಕ್ಕರು, ನಾನೂ ನಕ್ಕೆ. ಮೂರನೇ ವಾರಕ್ಕೆ ನಗು ನಿಂತಿತು. ತಣ್ಣಗಿನ ಬೆಳಗಿನಲ್ಲೂ ಅವರ ಕುತ್ತಿಗೆ ಬೆವರುತ್ತಿತ್ತು. ಬಡಿಸುವಾಗ ಕೈ ನಡುಗಿ ಅನ್ನ ಎಲೆಯ ಹೊರಗೆ ಬೀಳುತ್ತಿತ್ತು. ನಿದ್ದೆಯಿಲ್ಲ, ಮಗು ಅತ್ತರೆ ರೇಗುತ್ತಿದ್ದರು, ಮೊದಲೆಂದೂ ರೇಗಿದವರಲ್ಲ. ಬಾಣಂತಿಯ ನಂಜು ಉಳಿದಿರಬೇಕು ಎಂದು ಅಮ್ಮ ಕಷಾಯ ಕುದಿಸಿದರು. ನಾನು ದಿನಕ್ಕೆರಡು ಸಲ ಅಕ್ಕಿ ಮುಡಿಯ ಹಿಂದೆ ಅಡಗಿಸಿಟ್ಟ ಬಾಟ್ಲಿ ತೆಗೆದು ಆ ನಾಲ್ಕು ಸಾಲು ನೋಡುತ್ತಿದ್ದೆ. ಶಾಲೆಯ ಮಾಸ್ಟ್ರಿಗೆ ತೋರಿಸಿದರೆ ಒಂದು ನಿಮಿಷದ ಕೆಲಸ. ತೋರಿಸಿದರೆ ನನಗೆ ಓದಲು ಬರಲಿಲ್ಲ ಎಂದಾಗುತ್ತದೆ. ಮಾತ್ರೆ ಬಿಡಿ ಎಂದರೆ ಅತ್ತಿಗೆ, ಮದ್ದು ಹಿಡಿದಿದೆ, ಮದುವೆಗೆ ಇನ್ನು ಹದಿನೈದು ದಿನ ತಾನೇ ಎಂದರು.

ಒಂದು ಬೆಳಿಗ್ಗೆ ಬಾವಿಯ ಹತ್ತಿರ ಕೊಡಪಾನ ಬಿದ್ದ ಸದ್ದಾಯಿತು. ಓಡಿದೆ. ಅತ್ತಿಗೆ ಕಟ್ಟೆಗೆ ಒರಗಿ ಕೂತಿದ್ದರು, ಬಾಯಿ ತೆರೆದಿತ್ತು, ಮಾತಿಲ್ಲ. ಸೀರೆಯ ಮೇಲಿನಿಂದಲೇ ಎದೆ ಹಾರುವುದು ಕಾಣುತ್ತಿತ್ತು. ನಾನು ಅಮ್ಮನನ್ನು ಕೂಗಿ ಕರೆದು, ಅಲ್ಲೇ ನಿಂತು ಎಲ್ಲ ಹೇಳಿದೆ. ಅಮ್ಮ ನನಗೆ ಹೊಡೆಯಲಿಲ್ಲ. "ಬಾಟ್ಲಿ ತಕಂಡ್ ಬಾ," ಎಂದರು, ಅಷ್ಟೇ.

ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ದಿನಗಳು. ಅತ್ತಿಗೆಯನ್ನು ಕುಂದಾಪುರದ ಡಾಕ್ಟರಲ್ಲಿಗೆ ಕರೆದೊಯ್ಯುತ್ತಿದ್ದ ನಮ್ಮ ಬಸ್ಸು ಕೋಟ ದಾಟುವಾಗ ನಿಂತಿತು. ಕಂಡಕ್ಟರ್ ಹಿಂದೆ ಹೋಗಿ ಇದ್ದಿಲ ಬೆಂಕಿಗೆ ಗಾಳಿ ಊದುವ ಚಕ್ರ ತಿರುಗಿಸುತ್ತಲೇ ಇದ್ದ. ಅತ್ತಿಗೆಯ ತಲೆ ಅಮ್ಮನ ತೊಡೆಯ ಮೇಲೆ, ಮಗು ನನ್ನ ಹೆಗಲಲ್ಲಿ. ನಾನು ಅವರ ಮಣಿಕಟ್ಟು ಹಿಡಿದು ಕೂತಿದ್ದೆ. ನಾಡಿ ಎಣಿಕೆಗೆ ಸಿಗದಷ್ಟು ಜೋರಾಗಿ ಓಡುತ್ತಿತ್ತು, ನಡುವೆ ಒಮ್ಮೊಮ್ಮೆ ತಪ್ಪುತ್ತಿತ್ತು.

ಕುಂದಾಪುರದ ಡಾಕ್ಟರು ಅತ್ತಿಗೆಯ ಎದೆ ಪರೀಕ್ಷಿಸಿದ ಮೇಲೆ ಬಾಟ್ಲಿಯನ್ನು ಬೆಳಕಿಗೆ ಹಿಡಿದು ಆ ಸಾಲುಗಳನ್ನು ಕನ್ನಡದಲ್ಲಿ ಓದಿದರು: ಡಾಕ್ಟರರನ್ನು ಕೇಳದೆ ತೆಗೆದುಕೊಳ್ಳಬಾರದು, ಎದೆ ಹಾರಿದರೆ ಕೂಡಲೇ ನಿಲ್ಲಿಸಬೇಕು. ಈ ಮಾತ್ರೆ ಕೊಬ್ಬನ್ನಷ್ಟೇ ಆರಿಸಿ ತೆಗೆಯುವುದಿಲ್ಲ, ಇಡೀ ದೇಹವನ್ನೇ ಉರಿಸುತ್ತದೆ. ಇನ್ನೊಂದು ವಾರ ತಿಂದಿದ್ದರೆ ಇಲ್ಲಿಗೆ ಕರೆತರುವ ಕೆಲಸ ಇರುತ್ತಿರಲಿಲ್ಲ ಎಂದರು. ಮಗುವಿಗೆ ಮೊಲೆಹಾಲು ನಿಲ್ಲಿಸಿ, ಎರಡು ತಿಂಗಳು ಅತ್ತಿಗೆ ಮಲಗಿಯೇ ಇರಬೇಕು ಎಂದೂ ಹೇಳಿದರು.

ನಾಲ್ಕು ದಿನದ ಮೇಲೆ, ಗಂಜಿ ಕುಡಿಸುವಾಗ, ಆ ಸಾಲುಗಳು ನನಗೆ ಓದಲು ಬಂದಿರಲಿಲ್ಲ ಎಂದು ಅತ್ತಿಗೆಗೆ ಹೇಳಿದೆ.

"ನಂಗೊತ್ತಿತ್ ಹೆಣೆ. ಸಣ್ಣಕ್ಷರ ಕಂಡಾಗ ನಿನ್ನ ಮೋರೆ ಸಪ್ಪಗಾಯ್ತ್. ಮತ್ತೆ ಕೇಂಡ್ರೆ ತಿಂಬುದ್ ಬೇಡ ಅಂತ್ ಆತಿತ್. ಅದ್ಕೇ ಕೇಣ್ಲಿಲ್ಲ."

ನಾನು ಗಂಜಿಯ ಬಟ್ಟಲು ಹಿಡಿದುಕೊಂಡೇ ಅತ್ತುಬಿಟ್ಟೆ.

ತಂಗಿಯ ಮದುವೆಗೆ ಅತ್ತಿಗೆ ಹೋಗಲಾಗಲಿಲ್ಲ. ಬೊಂಬಾಯಿಂದ ಬಂದ ಅಣ್ಣ ಅವರನ್ನು ಬಿಟ್ಟು ಕದಲಲಿಲ್ಲ. ಜಾಹೀರಾತು ನೋಡಿ, ಯಾರನ್ನೂ ಕೇಳದೆ ಆ ಮಾತ್ರೆ ಕೊಂಡು ಕಳಿಸಿದ್ದು ಎಂದು ಒಮ್ಮೆ ಹೇಳಿದ, ಮತ್ತೆ ಆ ಮಾತು ಎತ್ತಲಿಲ್ಲ. ನಾನೂ ಅಮ್ಮನೂ ದೋಣಿಯಲ್ಲಿ ಹೊಳೆ ದಾಟಿ ಬೈಂದೂರಿಗೆ ಹೋದೆವು. ಅಲ್ಲಿ ಅತ್ತಿಗೆಯ ದೂರದ ನೆಂಟರೊಬ್ಬರು ನನ್ನನ್ನು ಚಪ್ಪರದ ಬದಿಗೆ ಕರೆದು, ಅವಳು ತಿಂಗಳಲ್ಲಿ ಸಪೂರಾದಳಂತೆ ಹೌದೇ ಎಂದು ಕೇಳಿದರು. ದನಿ ಇಳಿಸಿ, ಆ ಮಾತ್ರೆಯ ಹೆಸರೇನು ಎಂದರು.

ನಾನು ದನಿ ಇಳಿಸಲಿಲ್ಲ. ಬಾವಿಕಟ್ಟೆ, ಬಸ್ಸು, ನಿಂತು ನಿಂತು ಓಡಿದ ನಾಡಿ, ಓದಲು ಬಾರದೆ ನಾನಾಡಿದ ಸುಳ್ಳು, ಎಲ್ಲವನ್ನೂ ಹೇಳಿದೆ. ಪಕ್ಕದಲ್ಲಿದ್ದವರೂ ತಿರುಗಿ ಕೇಳಿದರು. ಆ ನೆಂಟರು ನಂಬಿದರೋ ಇಲ್ಲವೋ ತಿಳಿಯದು. ಅಷ್ಟರಲ್ಲಿ ಊಟಕ್ಕೆ ಎಲೆ ಹಾಕಿದರು, ಅವರು ಎದ್ದು ಪಂಕ್ತಿಗೆ ಹೋದರು.