ಹಪ್ಪಳದ ಕಟ್ಟಿನಲ್ಲಿ ಬಂದ ಕೀಲಿಕೈ

ಗುಟ್ಟು ಕಾಪಾಡುವುದು ಹೇಗೆಂದು ಊರಿಗೆಲ್ಲ ಉಪದೇಶ ಮಾಡುವ ಚಟ ನನ್ನದು. ಸಾಗರದ ಮನೆಯಲ್ಲಿ ಕುಳಿತು ತೀರ್ಥಹಳ್ಳಿಯ ಪುಟ್ಟ ವಾಚನಾಲಯವೊಂದರ ಲಿನಕ್ಸ್ ಸರ್ವರ್ ನೋಡಿಕೊಳ್ಳುತ್ತಿದ್ದೆ. ಸರ್ವರ್ ಇದ್ದದ್ದು ಎಲ್ಲೋ ದೂರದಲ್ಲಿ, ಬಾಡಿಗೆಗೆ. ಪಾಸ್‌ವರ್ಡ್ ಊಹಿಸಿ ನುಗ್ಗಲು ನೋಡುವವರ ಕಾಟ ತಾಳಲಾರದೆ ಆ ದಾರಿಯನ್ನೇ ಮುಚ್ಚಿಬಿಟ್ಟಿದ್ದೆ. ಅಲ್ಲಿನ ಹಿರಿಯ ಗ್ರಂಥಪಾಲಕರಿಗೂ ನನಗೂ ಒಂದೊಂದು ಕೀಲಿಕೈ ಫೈಲು. ಅದಿದ್ದವರಿಗೆ ಮಾತ್ರ ಒಳಗೆ ಪ್ರವೇಶ.

“ಕೀಲಿಕೈಗೂ ಒಂದು ಗುಪ್ತಪದ ಇಡಿ ಸಾರ್. ಕೊನೆಗೆ ನಾನು ಕೇಳಿದ್ರೂ ಹೇಳ್ಬೇಡಿ” ಎಂದು ತಾಕೀತು ಮಾಡಿದ್ದೆ. ಅವರು ಆ ಮಾತನ್ನೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ನಾನು ಒಳಗೊಳಗೇ ನಕ್ಕಿದ್ದೆ.

ವಾಚನಾಲಯದ ಪುಸ್ತಕಪಟ್ಟಿ ಅಂತರ್ಜಾಲದಲ್ಲಿ ಉದ್ಘಾಟನೆಯಾಗುವ ದಿನ ಹತ್ತಿರ ಬಂದಿತ್ತು. ವರ್ಷಗಟ್ಟಲೆ ಎರಡೇ ಬೆರಳಿನಲ್ಲಿ ಕುಟ್ಟಿ ಆ ಪಟ್ಟಿ ಮಾಡಿದವರು ಅವರು. ಕೊನೆಯ ಕಪಾಟಿನ ಪುಸ್ತಕಗಳನ್ನು ಸೇರಿಸುವುದಷ್ಟೇ ನನ್ನ ಪಾಲಿಗೆ ಉಳಿದಿತ್ತು. ಉದ್ಘಾಟನೆಯ ಹಿಂದಿನ ದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಅಂಗಡಿಯವರು ಫೋನು ಮಾಡಿದರು: ತೀರ್ಥಹಳ್ಳಿ ಬಸ್ಸಿನಲ್ಲಿ ನಿಮಗೊಂದು ಚೀಲ ಬಂದಿದೆ. ಬಿಚ್ಚಿದರೆ ಹಲಸಿನ ಹಪ್ಪಳದ ಕಟ್ಟು. ಕಟ್ಟಿನ ನಡುವೆ ಒಂದು ಪೆನ್‌ಡ್ರೈವ್. ಅದರೊಳಗೆ ಅವರ ಕೀಲಿಕೈ!

ನನ್ನ ಪಿತ್ತ ನೆತ್ತಿಗೇರಿತು. ಫೋನು ಹಚ್ಚಿದೆ.

“ಎಂತ ಸಾರ್ ಇದು? ಕೀಲಿಕೈನ ಬಸ್ಸಲ್ಲಿ ಕಳಿಸೋದಾ?”

“ನನ್ ಕಂಪ್ಯೂಟರ್ ರಿಪೇರಿಗೆ ಹೋಗಿದೆ ಮೇಡಂ. ಎಲ್ಲ ಅಳಿಸ್ತಾರಂತೆ. ನಿಮ್ಹತ್ರ ಜೋಪಾನವಾಗಿರುತ್ತಲ್ಲ ಅಂತ ಕಳಿಸ್ದೆ. ಕಂಡಕ್ಟರ್ ನಮ್ಮವ್ರೇ. ಹಪ್ಪಳ ಪುಡಿ ಆಗಿಲ್ವಲ್ಲ?”

ಫೋನು ಇಟ್ಟುಬಿಟ್ಟೆ. ದಾರಿಯ ರಿಪ್ಪನ್‌ಪೇಟೆಯಲ್ಲಿ ಯಾರ್ಯಾರ ಕೈಗೆ ಹೋಗಿ ಬಂತೋ ಎಂದುಕೊಳ್ಳುತ್ತ, ಆ ಕೀಲಿಕೈಯನ್ನೇ ರದ್ದು ಮಾಡಲು ಸರ್ವರಿನೊಳಗೆ ಹೋದೆ. ಯಾರನ್ನು ಒಳಗೆ ಬಿಡಬೇಕೆಂಬ ಫೈಲಿನಲ್ಲಿ ಎರಡೇ ಸಾಲು, ಎರಡೂ ಉದ್ದುದ್ದ ಅರ್ಥವಿಲ್ಲದ ಅಕ್ಷರಗಳು, ಹೆಸರು ಇರುವುದು ತೀರಾ ಕೊನೆಯಲ್ಲಿ. ಕೋಪಕ್ಕೆ ಕೊನೆಯವರೆಗೆ ಓದುವ ತಾಳ್ಮೆ ಎಲ್ಲಿಯದು? ಅವರ ಸಾಲು ಅಳಿಸಿದೆ, ಹೊರಗೆ ಬಂದೆ, ಎರಡು ಹಪ್ಪಳ ಕರಿದು ತಿಂದೆ. ಮತ್ತೆ ಒಳಗೆ ಹೋಗಲು ನೋಡಿದರೆ ಸರ್ವರ್ ನನ್ನನ್ನೇ ಬಿಡಲೊಲ್ಲದು. ಅಳಿಸಿದ್ದು ನನ್ನ ಸಾಲನ್ನು!

ಸರ್ವರ್ ಬಾಡಿಗೆಗೆ ಕೊಟ್ಟವರನ್ನು ಕೇಳಿದರೆ ಸರಿಪಡಿಸಲು ಎರಡು ದಿನ ಬೇಕೆಂದರು. ಉಳಿದದ್ದು ಹಪ್ಪಳದ ಕಟ್ಟಿನ ಕೀಲಿಕೈ ಒಂದೇ. ಹಾಕಿ ನೋಡಿದೆ, ಗುಪ್ತಪದ ಕೇಳಿತು. ಅಂದರೆ ಬಸ್ಸಿನಲ್ಲಿ ಯಾರ ಕೈಗೆ ಸಿಕ್ಕಿದ್ದರೂ ಅದು ಸುಮ್ಮನೆ ತೆರೆಯುತ್ತಿರಲಿಲ್ಲ. ಅವರು ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದರು. ಇಂಗು ತಿಂದ ಮಂಗನಂತಾಗಿ ಮತ್ತೆ ಫೋನು ಮಾಡಿದೆ.

“ಸಾರ್, ನಿಮ್ಮ ಗುಪ್ತಪದ ಒಂಚೂರು ಹೇಳ್ತೀರಾ?”

“ನೀವು ಕೇಳಿದ್ರೂ ಹೇಳ್ಬಾರ್ದು ಅಂತ ಬರ್ಕೊಂಡಿದೀನಲ್ಲ ಮೇಡಂ. ಬಸ್ ಹತ್ತಿ ಬರ್ತೀನಿ ಬಿಡಿ.”

ಸಂಜೆ ಐದಕ್ಕೆ ಬಂದರು. ಚಪ್ಪಲಿ ಬಿಟ್ಟು, ನೀರು ಕುಡಿದು, ನನ್ನ ಕುರ್ಚಿಯಲ್ಲಿ ಕುಳಿತರು. “ಆಚೆ ತಿರುಗಿ ನಿಂತ್ಕೊಳ್ಳಿ” ಎಂದರು. ನನ್ನದೇ ಮನೆಯಲ್ಲಿ ಗೋಡೆ ನೋಡುತ್ತ ನಿಂತೆ. ಹಿಂದೆ ಎರಡು ಬೆರಳು ನಿಧಾನಕ್ಕೆ ಕುಟ್ಟುತ್ತಿದ್ದವು.

ಸರ್ವರಿನ ಬಾಗಿಲು ತೆರೆಯಿತು. ಫೈಲು ನೋಡಿ ಅವರು ಕೇಳಿದರು: “ನನ್ದೊಂದೇ ಇದೆಯಲ್ಲ. ನಿಮ್ದು ಹೇಗೆ ಹೋಯ್ತು?”

ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತ್ತು. ನಾಚಿಕೆಯಾಗಿ ನುಂಗಿಕೊಂಡೆ. “ನಿಮ್ದನ್ನ ಅಳಿಸೋಕೆ ಹೋಗಿ ನನ್ದು ಅಳಿಸ್ದೆ ಸಾರ್.”

ಅವರು ನನ್ನ ಸಾಲನ್ನು ನನ್ನಿಂದಲೇ ಕೇಳಿ ಪಡೆದರು. ಆಮೇಲೆ ಅದನ್ನು ತಮ್ಮದರ ಮೇಲೆ ಸೇರಿಸಿದರು, ಕೊನೆಯ ಹೆಸರಿನವರೆಗೂ ಬೆರಳಿಟ್ಟು ಓದಿದರು. ನಾನು ಕೊನೆಯ ಕಪಾಟಿನ ಪುಸ್ತಕಗಳನ್ನು ಸೇರಿಸಿ ಮುಗಿಸುವವರೆಗೂ ಪಕ್ಕದಲ್ಲೇ ಕುಳಿತಿದ್ದರು.

ಹೊರಡುವಾಗ ಪೆನ್‌ಡ್ರೈವ್ ತೆಗೆದು ಕೊಡಲು ಹೋದೆ. ಅವರು ತೆಗೆದುಕೊಳ್ಳಲಿಲ್ಲ.

“ನಿಮ್ಹತ್ರ ಜೋಪಾನವಾಗಿರುತ್ತೆ ಅಂತ್ಲೇ ಕಳಿಸಿದ್ದಲ್ವಾ ಮೇಡಂ?” ಎಂದು ಚಪ್ಪಲಿ ಮೆಟ್ಟಿಕೊಂಡರು.