ಗೋಡೆ ಕಡೆಯ ಬಿಸಿ

ನಂಬಿ ಎಂದು ನಾನು ಯಾರ ಕೈಕಾಲೂ ಹಿಡಿಯುವುದಿಲ್ಲ. ಕಟ್ಟುಕಥೆಯಾಗಿದ್ದರೆ ನನ್ನ ಮಾನ ಉಳಿಯುವ ಹಾಗೆ ಕಟ್ಟುತ್ತಿದ್ದೆ. ಇದರಲ್ಲಿ ನನ್ನ ಮಾನ ಎಳ್ಳಷ್ಟೂ ಉಳಿಯುವುದಿಲ್ಲ... ಅದಕ್ಕೇ ಇದು ನಡೆದದ್ದು ಎಂದು ತಿಳಿಯಿರಿ.

ಹೋದ ಡಿಸೆಂಬರಿನ ಮಾತು. ಘಾಟ್ಕೋಪರಿನ ನಮ್ಮ ಸೊಸೈಟಿಯವರು ಭಾವುಚಾ ಧಕ್ಕಾ ಬಂದರುಕಟ್ಟೆಯಿಂದ ಒಂದು ಲಾಂಚು ಗೊತ್ತುಮಾಡಿ ಸಮುದ್ರದ ಪಿಕ್ನಿಕ್ ಇಟ್ಟಿದ್ದರು. ಡಬ್ಬಿಯಲ್ಲಿ ಥೇಪ್ಲಾ, ಮೈಕಿನಲ್ಲಿ ಅಂತ್ಯಾಕ್ಷರಿ, ಎಲ್ಲಿ ನೋಡಿದರೂ ಸೆಲ್ಫಿ. ನನಗೆ ಅದಾವುದೂ ಬೇಕಿರಲಿಲ್ಲ. ಲಾಂಚು ಮಧ್ಯಾಹ್ನ ಎರಡು ತಾಸು ಉರಣ್‌ನ ಮೋರಾ ಬಂದರಿನಲ್ಲಿ ನಿಲ್ಲುತ್ತದೆ ಎಂದು ಕೇಳಿ ಹೆಸರು ಕೊಟ್ಟಿದ್ದೆ. ಅಲ್ಲಿ ನನ್ನ ಹಳೆಯ ಗೆಳೆಯ ಶಿವಾನಂದ ಇದ್ದಾನೆ. ಬಂದರಿನ ಹತ್ತಿರ ಅವನದೊಂದು ಸಣ್ಣ ಖಾನಾವಳಿ, ರೊಟ್ಟಿ ಬಡಿಯುವವಳು ಅವನ ಹೆಂಡತಿ ಕಸ್ತೂರಿ.

ಕಸ್ತೂರಿ ಭೀಮಶಿಯ ತಂಗಿ. ಭೀಮಶಿ ಯಾರೆಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಗ್ರಾಂಟ್ ರೋಡಿನ ಚಾಳೊಂದರ ಖೋಲಿಯಲ್ಲಿ ನಾವು ಒಂಬತ್ತು ಜನ ಇದ್ದೆವು. ಎಲ್ಲರೂ ಧಾರವಾಡ, ವಿಜಾಪುರ ಕಡೆಯವರು. ಕಾಲು ಚಾಚಲು ಜಾಗವಿಲ್ಲದ ಆ ಖೋಲಿಯಲ್ಲಿ ಒಂದು ಮಂಚಕ್ಕೆ ಇಬ್ಬರು ಧಣಿಗಳು. ನಾನು ಫೋರ್ಟಿನಲ್ಲಿ ಹಗಲು ಗುಮಾಸ್ತ. ಭೀಮಶಿ ಬಂದರಿನಲ್ಲಿ ಸರಕಿನ ಬಾರ್ಜು ಕಾಯುವ ರಾತ್ರಿ ವಾಚ್‌ಮನ್. ಹಗಲು ಮಂಚ ಅವನದು, ರಾತ್ರಿ ನನ್ನದು. ಸಂಜೆ ಅವನು ಎದ್ದು ಹೋದ ಮೇಲೆ, ಅವನ ಮೈಬಿಸಿ ಆರುವ ಮೊದಲೇ ನಾನು ಉರುಳಿಕೊಳ್ಳುತ್ತಿದ್ದೆ. ಅವನ ಮುಖಕ್ಕಿಂತ ಅವನು ಬಿಟ್ಟುಹೋದ ಬಿಸಿಯೇ ನನಗೆ ಹೆಚ್ಚು ಪರಿಚಯ.

ಒಂದು ಮಳೆಗಾಲದ ರಾತ್ರಿ ಭೀಮಶಿ ಬಾರ್ಜಿನಿಂದ ನೀರಿಗೆ ಬಿದ್ದು ಸತ್ತ. ‘ಕುಡಿದು ಬಿದ್ದ’ ಎಂದು ಎಲ್ಲರೂ ಅಂದರು. ಊರಿಗೂ ಅದೇ ಸುದ್ದಿ ಮುಟ್ಟಿತು. ಕಸ್ತೂರಿಗೆ ಗೊತ್ತುಮಾಡಿದ್ದ ಮದುವೆ ‘ಕುಡುಕರ ಮನೆತನ’ ಎಂದು ಮುರಿದುಬಿತ್ತು. ಆಮೇಲೆ ನಮ್ಮ ಖೋಲಿಯ ಶಿವಾನಂದನೇ ಅವಳ ಕೈ ಹಿಡಿದ.

ಭೀಮಶಿ ಅಂದು ಕುಡಿದಿರಲಿಲ್ಲ. ಅದು ಗೊತ್ತಿದ್ದವನು ನಾನೊಬ್ಬನೇ. ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಈ ಸಲ ಹೇಳಿಯೇಬಿಡಬೇಕು ಎಂದು ಲಾಂಚು ಹತ್ತಿದ್ದೆ, ಸುಳ್ಳಲ್ಲ.

“ಅಯ್ಯ, ವಸಂತಣ್ಣಾರು!” ಎಂದು ಕಸ್ತೂರಿ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. “ನಮ್ಮಣ್ಣ ಹೋದ ಮ್ಯಾಲ ಈ ಕಡೆ ಹಣಿಕಿ ಸುದ್ದಾ ಹಾಕ್ಲಿಲ್ಲ ನೋಡ್ರಿ ನೀವು.”

ದಸರೆಗೊಮ್ಮೆ ಫೋನು ಮಾಡಿ ‘ಬನ್ನಿ ತಗೊಂಡು ಬಂಗಾರದಂಗ ಇರೋಣು’ ಎನ್ನುವುದಷ್ಟೇ ನನ್ನ ಗೆಳೆತನ. ಸುಮ್ಮನೆ ಹಲ್ಲು ಕಿರಿದೆ.

ಮಾತಿನಲ್ಲಿ ಹೊತ್ತು ಹೋಯಿತು. ಸಮುದ್ರ ಇಳಿದರೆ ಮೋರಾದಲ್ಲಿ ಬರೀ ಕೆಸರು, ಲಾಂಚು ಹತ್ತಿರ ಬರುವುದಿಲ್ಲ. ಸೊಸೈಟಿಯವರು ಕಾಯದೆ ಹೊರಟುಬಿಟ್ಟರು. ಬಸ್ಸು ಹಿಡಿಯುತ್ತೇನೆ ಎಂದರೆ ಕಸ್ತೂರಿ ಬಿಡಲಿಲ್ಲ. “ಒಂದು ರಾತ್ರಿ ಇದ್ರ ನಿಮ್ಮ ಗಂಟೇನು ಹೋಗ್ತದ? ಬೆಳಿಗ್ಗಿ ಮೊದಲ್ನೇ ಲಾಂಚಿಗೆ ಹೋಗೀರಂತ.”

ಊಟಕ್ಕೆ ಕೂತಾಗ ಅವಳೇ ಮಾತು ತೆಗೆದಳು. “ಎಲ್ಲಾದ್ರಾಗೂ ಛಲೋ ಇದ್ದ ನಮ್ಮಣ್ಣ. ಆ ಸುಡುಗಾಡು ಕುಡಿತ ಒಂದು ಅವನ್ನ ತಿಂತು.”

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು.

“ಹೂಂ... ನಸೀಬ” ಎಂದೆ. ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡೆ. ಥೂ ನನ್ನ ಜನ್ಮಕ್ಕೆ!

ಖಾನಾವಳಿಯ ಹಿಂದೆಯೇ ಅವರ ಮನೆ, ಹೊರಕೋಣೆಯಲ್ಲಿ ಮಂಚವಿತ್ತು. ಕಸ್ತೂರಿ ನನ್ನ ಕಣ್ಣೆದುರೇ ಒಗೆದ ಚಾದರ ಕೊಡವಿ ಹಾಸಿ, ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ನಾನು ಹಿತ್ತಲಲ್ಲಿ ಕಾಲು ತೊಳೆದು ಬಂದೆ. ಹತ್ತು ನಿಮಿಷವೂ ಆಗಿರಲಿಲ್ಲ. ಕಿಟಕಿಯಿಂದ ಒಣಮೀನಿನ ವಾಸನೆ... ದೂರದಲ್ಲಿ ಕಟ್ಟಿದ ದೋಣಿಗಳು ಒಂದಕ್ಕೊಂದು ತಾಗುವ ಸದ್ದು... ಟಕ್... ಟಕ್...

ಮಲಗಿದೆ. ಹಾಸಿಗೆ ಬೆಚ್ಚಗಿತ್ತು.

ಶಿವಾನಂದ ಬಂದು ಕೂತು ಹೋಗಿರಬೇಕು ಅಂದುಕೊಂಡೆ. ಆದರೆ ಆ ಬಿಸಿ ಆರಲೊಲ್ಲದು. ಹೊತ್ತು ಹೋದಂತೆ ಏರುತ್ತಿದೆ! ಹೊರಳಿ ಗೋಡೆ ಕಡೆ ಕೈಯಿಟ್ಟೆ... ತಟ್ಟನೆ ಎಳೆದುಕೊಂಡೆ. ಜ್ವರದ ಮೈ ಮುಟ್ಟಿದ ಹಾಗೆ ಸುಡುತ್ತಿತ್ತು. ತಲೆಯ ಕಡೆಯಿಂದ ಕಾಲಿನವರೆಗೆ, ಒಬ್ಬ ಮನುಷ್ಯನಷ್ಟು ಉದ್ದ. ನಾನಿದ್ದ ಕಡೆ ಮಾತ್ರ ಈಗ ತಣ್ಣಗೆ. ದಿಂಬಿನಿಂದ ಸುಣ್ಣ-ತಂಬಾಕಿನ ವಾಸನೆ ಬರುತ್ತಿತ್ತು. ಆ ಮನೆಯಲ್ಲಿ ತಂಬಾಕು ಮುಟ್ಟುವವರು ಯಾರೂ ಇಲ್ಲ.

ಭೀಮಶಿ ತಿನ್ನುತ್ತಿದ್ದ.

ಅವನು ಸತ್ತ ದಿನ ಸಂಜೆ ನಾನು ಖೋಲಿಗೆ ಬಂದಾಗ ಅವನು ಎದ್ದಿರಲಿಲ್ಲ. ಉಳಿದವರು ಯಾರೂ ಖೋಲಿಯಲ್ಲಿರಲಿಲ್ಲ. ಅವನ ಹಣೆ ಮುಟ್ಟಿದೆ, ಕೆಂಡ. “ವಸಂತ್ಯಾ, ಮೈಯಾಗ ಜೀವ ಇಲ್ಲೋ... ಇವತ್ತೊಂದು ರಾತ್ರಿ ಗೋಡೆ ಕಡೆ ಸರದು ಮಕ್ಕೋತೀನಿ, ನೀನೂ ಇಲ್ಲೇ ಮಕ್ಕೋ” ಎಂದ. ನನಗೆ ಮರುದಿನ ಬಡ್ತಿಯ ಪರೀಕ್ಷೆ. “ನಿನ್ನ ಪಾಳಿ ಮುಗೀತು, ಏಳಪಾ. ನನಗ ನಿದ್ದಿ ಬೇಕು” ಎಂದೆ. ಅವನು ಗೋಡೆ ಹಿಡಿದು ಎದ್ದ. ಚಪ್ಪಲಿ ಹುಡುಕಲು ಬಹಳ ಹೊತ್ತು ಬೇಕಾಯಿತು ಅವನಿಗೆ.

ಆ ರಾತ್ರಿ ಅವನ ಜ್ವರದ ಬಿಸಿಯಲ್ಲಿ ನಾನು ಗಡದ್ದಾಗಿ ನಿದ್ದೆ ಮಾಡಿದೆ. ಪರೀಕ್ಷೆಯೂ ಪಾಸಾಯಿತು. ‘ಕುಡಿದು ಬಿದ್ದ’ ಎಂದು ಜನ ಅಂದಾಗ ‘ಇಲ್ಲ, ಜ್ವರ ಬಂದಿತ್ತು’ ಎನ್ನಲು ಹೋದರೆ, ‘ಮತ್ತೆ ಯಾಕೆ ಕಳಿಸಿದಿ?’ ಎಂದು ಕೇಳುತ್ತಿದ್ದರಲ್ಲ!

ಮಂಚದಿಂದ ಇಳಿದು ನೆಲದ ಮೇಲೆ, ಎದುರು ಗೋಡೆಗೆ ಬೆನ್ನು ಕೊಟ್ಟು ಕೂತೆ. ಕತ್ತಲಲ್ಲಿ ಏನೂ ಕಾಣುತ್ತಿರಲಿಲ್ಲ... ಉಸಿರು ಮಾತ್ರ ಕೇಳುತ್ತಿತ್ತು. ಜ್ವರದವರು ಬಾಯಿಂದ ಬಿಡುವ ಒಣ ಉಸಿರು. ನನ್ನದೇ ಇರಬೇಕು ಎಂದು ಬಿಗಿಹಿಡಿದೆ. ಅದು ನಿಲ್ಲಲಿಲ್ಲ.

ಎಷ್ಟು ಹೊತ್ತಾಗಿತ್ತೋ, ಶಿವಾನಂದ ನೀರು ಕುಡಿಯಲು ಎದ್ದು ಬಂದ. ಕೈಯಲ್ಲಿ ಮೊಬೈಲಿನ ಬೆಳಕು. ಅದು ಮಂಚದ ಮೇಲೆ ಹಾಯ್ದು ಹೋಯಿತು. ಅವನು ಬಿಂದಿಗೆಯಿಂದ ನೀರು ಬಗ್ಗಿಸಿಕೊಂಡು ತಿರುಗಿದ. ಬೆಳಕು ನನ್ನ ಮೇಲೆ ಬಿತ್ತು.

“ಲೇ... ನೀ ಇಲ್ಲಿ ಯಾಕ ಕುಂತೀ?” ಪಿಸುದನಿ. “ಈಗಿನ್ನ ಮಂಚದ ಮ್ಯಾಲ ನೋಡಿದ್ನಲ್ಲ ನಿನ್ನ... ಗೋಡೆ ಕಡೆ ಮುಖ ಮಾಡಿ ಮಕ್ಕೊಂಡಿದ್ದಿ...”

ಇಬ್ಬರೂ ಮಂಚದ ಕಡೆ ನೋಡಿದೆವು. ಖಾಲಿ. ಅವನು ಬಾಗಿ ಚಾದರ ಮುಟ್ಟಿದ. ನಂತರ ಬಂದು ನನ್ನ ಹಣೆ ಮುಟ್ಟಿದ.

“ಹಾಸಿಗಿ ಸುಡಾಕತ್ತದ. ನಿನ್ನ ಮೈ ಬರ್ಫ್ ಆಗ್ಯದ. ಏನೋ ಇದು?”

ಲೋಟ ನೆಲಕ್ಕಿಟ್ಟ ಸದ್ದಿಗೆ ಕಸ್ತೂರಿಯೂ ಎದ್ದು ಬಂದಳು. ದೀಪ ಹಾಕಿದಳು. ನಾನು ತಲೆ ಎತ್ತದೆ ಎಲ್ಲವನ್ನೂ ಹೇಳಿದೆ. ಜ್ವರ, ಪರೀಕ್ಷೆ, ‘ಏಳಪಾ’ ಅಂದದ್ದು... ಒಂದೂ ಬಿಡಲಿಲ್ಲ. ಹೇಳಿದ್ದು ಧೈರ್ಯದಿಂದಲ್ಲ, ಹೆದರಿಕೆಯಿಂದ. ಅದನ್ನೂ ಇಲ್ಲಿ ಬರೆದುಬಿಡುತ್ತೇನೆ.

ಅವಳು ಅಳಲಿಲ್ಲ, ಬಯ್ಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

“ಆರು ವರ್ಷ ಆತು ನಮ್ಮವ್ವ ಹೋಗಿ” ಎಂದಳು. “ಸಾಯೋಮುಂದ ನನ್ನ ಕೈ ಹಿಡದು ಕೇಳಿದ್ಲು, ‘ಕಸ್ತೂರಿ, ನನ್ನ ಮಗ ಖರೇನ ಕುಡದು ಬಿದ್ನೇನ?’ ಅಂತ. ‘ಹೌದವ್ವಾ, ಎಲ್ಲಾರೂ ಹಂಗ ಅಂತಾರ’ ಅಂದೆ ನಾ. ನನ್ನ ಬಾಯಿಲೇ ಹೇಳಿಸಿದ್ರಿ ನೀವು. ನಿಮಗ ಅಣ್ಣಾ ಅಂತಿದ್ದೆ.”

ನಾನು ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದಳು. ಮಂಚದ ಹತ್ತಿರ ಹೋಗಿ, ಅಂಚಿನಲ್ಲಿ ಕೂತು, ಗೋಡೆ ಕಡೆ ಅಂಗೈ ಊರಿದಳು. ಬಹಳ ಹೊತ್ತು ತೆಗೆಯಲಿಲ್ಲ. ಮಕ್ಕಳಿಗೆ ಜ್ವರ ಬಂದಾಗ ತಾಯಂದಿರು ಕೂರುವ ಹಾಗೆ ಕೂತಿದ್ದಳು.

“ಮಕ್ಕೋ ಅಣ್ಣಾ” ಎಂದಳು, ಮೆಲ್ಲಗೆ. “ಇಲ್ಲಿ ನಿನ್ನ ಯಾರೂ ಎಬ್ಬಸಂಗಿಲ್ಲ.”

ಆಮೇಲೆ ನನ್ನ ಕಡೆ ನೋಡದೆ, “ನೀವು ಏಳ್ರಿ” ಎಂದಳು.

ಎದ್ದೆ. ಹೊರಗೆ ಇನ್ನೂ ಗವ್ವೆನ್ನುವ ಕತ್ತಲೆ. ಶಿವಾನಂದ ಬಾಗಿಲವರೆಗೂ ಬರಲಿಲ್ಲ. ಬಂದರಿನ ಕಲ್ಲಿನ ಮೇಲೆ ಮೊದಲ ಲಾಂಚು ಬರುವವರೆಗೆ ನಡುಗುತ್ತ ಕೂತಿದ್ದೆ.

ಈ ದಸರೆಗೆ ಫೋನು ಮಾಡಿದೆ. ಶಿವಾನಂದ ಎತ್ತಿದ. ಕಸ್ತೂರಿ ಆ ಮಂಚದ ಮೇಲೆ ಯಾರನ್ನೂ ಕೂರಲು ಬಿಡುವುದಿಲ್ಲವಂತೆ. ದಿನಾ ಮಲಗುವ ಮೊದಲು ಗೋಡೆ ಕಡೆ ಕೈಯಿಟ್ಟು ನೋಡುತ್ತಾಳಂತೆ. ಈಗಲೂ ಬಿಸಿ ಇರುತ್ತದೆಯೇ ಎಂದು ಕೇಳಬೇಕೆಂದು ನಾಲಿಗೆ ತುದಿಗೆ ಬಂತು. ಕೇಳುವ ಧೈರ್ಯವಾಗದೆ ಫೋನು ಇಟ್ಟೆ.